ಏಪ್ರಿಲ್ 24ಕ್ಕೆ ತಾರಸಿ ಹತ್ತಿ

ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ಓದಿದವರೂ ನಂಬಿಕೊಂಡಿದ್ದಾರೆ. ಬೆಂಗಳೂರಿನ ಹೊಸಹಳ್ಳಿಯಲ್ಲಿ ಅದು ವರ್ಷಕ್ಕೆ ಎರಡೇ ಸಲ ಆಗುತ್ತದೆ, ಅದೂ ಹನ್ನೆರಡಕ್ಕಲ್ಲ. ಏಪ್ರಿಲ್ 24ರ ಸುಮಾರಿಗೆ 12.17ಕ್ಕೆ, ಆಗಸ್ಟ್ 18ರ ಸುಮಾರಿಗೆ 12.24ಕ್ಕೆ.

ಇದನ್ನು ನೋಡಲು ದೂರದರ್ಶಕ ಬೇಡ. ಅಡುಗೆಮನೆಯಿಂದ ಒಂದು ಗೇಣೆತ್ತರದ, ನೇರ ಅಂಚಿನ ಸ್ಟೀಲ್ ಡಬ್ಬಿ ತಂದು ತಾರಸಿಯ ಸಮತಟ್ಟಾದ ಜಾಗದಲ್ಲಿ ಇಟ್ಟರೆ ಸಾಕು. ಏಪ್ರಿಲ್ 24ರಂದು ಹನ್ನೊಂದೂ ಮುಕ್ಕಾಲಕ್ಕೆ ಡಬ್ಬಿಯ ಪಶ್ಚಿಮಕ್ಕೆ ಎರಡು ಬೆರಳಿನಷ್ಟು ನೆರಳು ಉಳಿದಿರುತ್ತದೆ. ಹನ್ನೆರಡಕ್ಕೆ ಒಂದು ಬೆರಳು. ಆಮೇಲೆ ಅದು ನೂಲಿನಂತಾಗಿ, 12.17ಕ್ಕೆ ಡಬ್ಬಿಯ ಬುಡದಲ್ಲಿ ಇಲ್ಲವಾಗುತ್ತದೆ. ಕೆಲವೇ ನಿಮಿಷದಲ್ಲಿ ಪೂರ್ವದ ಕಡೆ ಹೊಸ ನೆರಳು ಮೂಡುತ್ತದೆ. ಶೂನ್ಯ ನೆರಳಿನ ದಿನ ಎಂದು ವಿಜ್ಞಾನಿಗಳು ಕರೆಯುವುದು ಇದನ್ನೇ.

ಹನ್ನೆರಡಕ್ಕೆ ಏಕಲ್ಲ ಎಂದು ಮಗು ಕೇಳಿಯೇ ಕೇಳುತ್ತದೆ. ಭಾರತದ ಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. ಅಲ್ಲಿಗೆ ಇಪ್ಪತ್ತು ನಿಮಿಷ ತಡ. ಭೂಮಿಯ ಅಕ್ಷದ ಓರೆ ಮತ್ತು ಅದರ ಕಕ್ಷೆಯ ಆಕಾರದಿಂದ ಕೆಲವು ನಿಮಿಷ ಆಚೀಚೆ ಆಗುತ್ತದೆ, ಅಷ್ಟೇ. ಹೆಚ್ಚುಕಡಿಮೆ ಇದೇ ಅಕ್ಷಾಂಶದ ಚೆನ್ನೈನಲ್ಲಿ ನೆರಳು ಹನ್ನೊಂದು ನಿಮಿಷ ಮೊದಲೇ ಮಾಯವಾಗುತ್ತದೆ, ಮಂಗಳೂರಿನಲ್ಲಿ ಹನ್ನೊಂದು ನಿಮಿಷ ತಡವಾಗಿ. ಮೂರೂ ಊರಿನ ನೆಂಟರು ಫೋನಿನಲ್ಲಿ ಮಾತಾಡಿಕೊಂಡರೆ ಭೂಮಿ ತಿರುಗುವುದನ್ನು ಕಣ್ಣಾರೆ ಕಂಡಂತೆ. ಹುಬ್ಬಳ್ಳಿಗೆ ಈ ದಿನ ಮೇ ಮೊದಲ ವಾರದಲ್ಲಿ ಬರುತ್ತದೆ, ಕಲಬುರಗಿಗೆ ಇನ್ನೊಂದು ವಾರ ಬಿಟ್ಟು. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿರುವ ದೆಹಲಿಗೆ ಎಂದೂ ಇಲ್ಲ.

ಜನಸಾಮಾನ್ಯರಿಗೆ ಖಗೋಳ ತಿಳಿಸುವ ಕೆಲಸ ಇಂಥಲ್ಲಿಂದ ಶುರುವಾಗಬೇಕು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಇಡೀ ನಾಡು ಟಿ.ವಿ. ಮುಂದೆ ಕೂತಿತ್ತು. ಆ ಹೆಮ್ಮೆ ನ್ಯಾಯವಾದದ್ದೇ. ಆಳಬಾಹ್ಯಾಕಾಶದ ನೌಕೆಗಳ ಜೊತೆ ಮಾತಾಡುವ ಇಸ್ರೊದ 32 ಮೀಟರ್ ಅಗಲದ ಆಂಟೆನಾ ಇರುವುದೂ ಬೆಂಗಳೂರಿನ ಹತ್ತಿರವೇ, ಮಾಗಡಿ ರಸ್ತೆಯ ಆಚೆಗಿನ ಬ್ಯಾಲಾಳುವಿನಲ್ಲಿ. ಆದರೆ ಚಪ್ಪಾಳೆ ಹೊಡೆದ ಮಾತ್ರಕ್ಕೆ ಚಂದ್ರನ ಕಲೆ ಏಕೆ ಬದಲಾಗುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಸುದ್ದಿ ಒಂದು, ತಿಳಿವಳಿಕೆ ಇನ್ನೊಂದು.

ಗವಿಪುರದ ಗವಿ ಗಂಗಾಧರೇಶ್ವರ ಗುಡಿಯನ್ನೇ ನೋಡಿ. ಮಕರ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಲಿಂಗವನ್ನು ಮುಟ್ಟುತ್ತದೆ. ವಾಹಿನಿಗಳು ನೇರಪ್ರಸಾರ ಮಾಡುತ್ತವೆ. ಡಿಸೆಂಬರ್ 21-22ರಂದು ದಕ್ಷಿಣದ ತುದಿ ಮುಟ್ಟುವ ಸೂರ್ಯ, ಹೋಗುವಾಗ ಹಾದ ದಾರಿಯಲ್ಲೇ ಮರಳುತ್ತಾನೆ. ಹಾಗಾಗಿ ನವೆಂಬರ್ ಕೊನೆಗೂ ಅದೇ ಕೋನದ ಬಿಸಿಲು ಅದೇ ಗವಿಯೊಳಗೆ ಬೀಳುತ್ತದೆ. ಆಗ ಅಲ್ಲಿ ನೂಕುನುಗ್ಗಲಿಲ್ಲ, ಕ್ಯಾಮೆರಾವೂ ಇಲ್ಲ. ಕಟ್ಟಿದವರ ಜಾಣ್ಮೆಗೆ ಗೌರವ ಕೊಡುವುದಾದರೆ ಈ ಮಾತನ್ನೂ ಭಕ್ತರಿಗೆ ಹೇಳಬೇಕು. ಹೇಳಿದರೆ ಭಕ್ತಿ ಕಡಿಮೆಯಾಗುವುದಿಲ್ಲ, ಬೆರಗು ಹೆಚ್ಚುತ್ತದೆ.

ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2019ರ ಡಿಸೆಂಬರ್ 26 ಸಾಕ್ಷಿ. ಅಂದು ಕೊಡಗಿನ ಕುಟ್ಟದ ಸುತ್ತ, ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಕಂಕಣ ಸೂರ್ಯಗ್ರಹಣವನ್ನು ಕಣ್ತುಂಬಿಕೊಂಡರು. ಅದೇ ಹೊತ್ತಿಗೆ ಕಲಬುರಗಿ ತಾಲ್ಲೂಕಿನ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ಊನ ವಾಸಿಯಾದೀತೆಂಬ ಆಸೆಯಿಂದ. ಆ ತಾಯ್ತಂದೆಯರನ್ನು ಬೈಯುವುದು ಸುಲಭ. ಗ್ರಹಣ ಬಂದಾಗೆಲ್ಲ ದಿನವಿಡೀ ಜ್ಯೋತಿಷಿಗಳನ್ನು ಕೂರಿಸಿ, ಖಗೋಳಜ್ಞರಿಗೆ ಹತ್ತು ನಿಮಿಷ ಕೊಡುವ ವಾಹಿನಿಗಳ ಹೊಣೆ ಅದಕ್ಕಿಂತ ದೊಡ್ಡದು.

ಕನ್ನಡದಲ್ಲಿ ಹೇಳುವವರಿಲ್ಲ ಎನ್ನುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಮಾಸಪತ್ರಿಕೆ ನಡೆಸಿದರು. ಆರ್.ಎಲ್. ನರಸಿಂಹಯ್ಯ ‘ಜಗತ್ತುಗಳ ಹುಟ್ಟು ಸಾವು’ ಬರೆದರು, ಜಿ.ಟಿ. ನಾರಾಯಣ ರಾವ್ ನಕ್ಷತ್ರ ನೋಡುವುದನ್ನು ಕಲಿಸಿದರು, ಬಿ.ಎಸ್. ಶೈಲಜಾ ಶಾಸನಗಳಲ್ಲಿ ಗ್ರಹಣಗಳನ್ನು ಹುಡುಕಿ ತೆಗೆದರು. 1989ರಿಂದ ಬೆಂಗಳೂರಿನ ನೆಹರೂ ತಾರಾಲಯ ಕನ್ನಡದಲ್ಲೂ ಪ್ರದರ್ಶನ ನಡೆಸುತ್ತಿದೆ. ಇಷ್ಟು ದೊಡ್ಡ ನಗರಕ್ಕೆ ಅದೊಂದೇ ಸಾಲದು.

ಬೀದಿದೀಪದ ಬೆಳಕಿನಲ್ಲಿ ಹೊಸಹಳ್ಳಿ, ವಿಜಯನಗರಗಳಿಗೆ ನಕ್ಷತ್ರ ಕಾಣುವುದು ಕಡಿಮೆ. ಸೂರ್ಯನಿಗೆ ಆ ತೊಂದರೆಯಿಲ್ಲ. ಏಪ್ರಿಲ್ 24 ಬೇಸಿಗೆ ರಜೆಯಲ್ಲಿ ಬರುತ್ತದೆ, ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಬಡಾವಣೆಯ ಸಂಘಗಳು ಉದ್ಯಾನಗಳಲ್ಲಿ ಅಂದಿನ ನೆರಳು ತೋರಿಸುವ ಕೆಲಸ ವಹಿಸಿಕೊಳ್ಳಲಿ. ಆಗಸ್ಟ್ 18ಕ್ಕೆ ಶಾಲೆಗಳು ನಡೆಯುತ್ತಿರುತ್ತವೆ. ಮೋಡ ಅಡ್ಡ ಬಂದರೂ ಸರಿ, ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿ ಬೆಂಗಳೂರಿನ ಪ್ರತಿ ಸರ್ಕಾರಿ ಶಾಲೆಯ ಅಂಗಳದಲ್ಲಿ 12.24ಕ್ಕೆ ಮಕ್ಕಳನ್ನು ನಿಲ್ಲಿಸಲಿ. ಇದಕ್ಕೆ ಅನುದಾನ ಬೇಕಿಲ್ಲ.