ಶಾಖದ ಕಣಜ

ಬಳಪದ ಕಲ್ಲಿನ ಪಾತ್ರೆಯಲ್ಲಿ ಕುದಿಸಿದ ಹುಳಿಯು ಒಲೆಯಿಂದ ಇಳಿಸಿದ ಮೇಲೆಯೂ ಕೆಲವು ನಿಮಿಷ ಕುದಿಯುತ್ತಲೇ ಇರುವುದನ್ನು ವಾಚಕರಲ್ಲಿ ಕೆಲವರಾದರೂ ಅಜ್ಜಿಯ ಅಡಿಗೆಮನೆಯಲ್ಲಿ ಕಂಡಿರಬಹುದು. ಬೆಂಕಿ ಇಲ್ಲದಿದ್ದರೂ ಕಲ್ಲು ತಾನು ಹೀರಿಕೊಂಡ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಫಿನ್ಲೆಂಡ್ ದೇಶದ ಪೋರ್ನೈನೆನ್ ಎಂಬ ಸಣ್ಣ ಊರಿನಲ್ಲಿ 2025ರಲ್ಲಿ ಆರಂಭವಾದ ಸ್ಥಾವರವೊಂದು ಇದೇ ಗುಣವನ್ನು ಆಶ್ರಯಿಸಿದೆ. ಅಲ್ಲಿ 13 ಮೀಟರ್ ಎತ್ತರದ ಕಣಜವೊಂದರಲ್ಲಿ ಸುಮಾರು 2,000 ಟನ್ ಬಳಪದ ಕಲ್ಲಿನ ಪುಡಿಯನ್ನು ತುಂಬಿದ್ದಾರೆ. ವಿದ್ಯುತ್ತು ಹೇರಳವಾಗಿ ಅಗ್ಗವಾಗಿರುವ ಹೊತ್ತಿನಲ್ಲಿ ಅದರಿಂದ ಗಾಳಿಯನ್ನು ಕಾಯಿಸಿ, ಆ ಗಾಳಿಯಿಂದ ಕಲ್ಲನ್ನು ಕಾಯಿಸುತ್ತಾರೆ. ತುಂಬಿದ ಕಣಜದಲ್ಲಿ 100 ಮೆಗಾವಾಟ್-ಗಂಟೆ, ಎಂದರೆ ಒಂದು ಲಕ್ಷ ಯೂನಿಟ್ಟಿನಷ್ಟು ಶಕ್ತಿ ಇರುತ್ತದೆ. ಅದು ಬೇಕಾದಾಗ ಬಿಸಿನೀರಿನ ರೂಪದಲ್ಲಿ ಊರಿನ ಕಟ್ಟಡಗಳನ್ನು ಬೆಚ್ಚಗಿಡುತ್ತದೆ.

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸಾರ್, ವಿದ್ಯುತ್ತು ಉತ್ತಮ ದರ್ಜೆಯ ಶಕ್ತಿ, ಶಾಖ ಕೆಳದರ್ಜೆಯದು ಎಂದು ನೀವೇ ಕಲಿಸಿದ್ದೀರಿ. ಉತ್ತಮವಾದುದನ್ನು ಕೆಳದರ್ಜೆಗೆ ಇಳಿಸುವುದು ಅಪವ್ಯಯವಲ್ಲವೇ?”

ಪ್ರಶ್ನೆ ಸಮಂಜಸವಾದುದೇ. ವಿದ್ಯುತ್ತನ್ನು ಸಂಪೂರ್ಣವಾಗಿ ಶಾಖವಾಗಿಸಬಹುದು. ಶಾಖವನ್ನು ಸಂಪೂರ್ಣವಾಗಿ ವಿದ್ಯುತ್ತಾಗಿಸಲು ಸಾಧ್ಯವಿಲ್ಲ. 600 ಡಿಗ್ರಿ ಸೆಲ್ಸಿಯಸ್‌ನ ಕಲ್ಲಿನಿಂದ ಶಾಖವನ್ನು ಪಡೆದು 30 ಡಿಗ್ರಿಯ ಪರಿಸರಕ್ಕೆ ಬಿಡುವ ಯಂತ್ರವು ಆದರ್ಶ ಯಂತ್ರವೇ ಆದರೂ, ಕಾರ್ನೋ ಸೂತ್ರದ ಪ್ರಕಾರ, ನೂರಕ್ಕೆ 65ಕ್ಕಿಂತ ಹೆಚ್ಚನ್ನು ಹಿಂತಿರುಗಿಸಲಾರದು. ವಾಸ್ತವದ ಯಂತ್ರಗಳು ಕೊಡುವುದು ಇನ್ನೂ ಕಡಮೆ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 2019ರಲ್ಲಿ 1,000 ಟನ್ ಜ್ವಾಲಾಮುಖಿ ಶಿಲೆಯನ್ನು 750 ಡಿಗ್ರಿಯವರೆಗೆ ಕಾಯಿಸಿ, ಹಬೆಯ ಟರ್ಬೈನಿನಿಂದ ಮತ್ತೆ ವಿದ್ಯುತ್ತನ್ನು ಪಡೆಯುವ ಪ್ರಯೋಗವನ್ನು ನಡೆಸಿದರು. ಶಿಲೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದರೆ ಆ ಮಾರ್ಗವು ವಾಣಿಜ್ಯಕ್ಷೇತ್ರದಲ್ಲಿ ಬೇರೂರಲಿಲ್ಲ.

ಹಾಗಾದರೆ ಪೋರ್ನೈನೆನ್ ಮಾಡಿರುವುದು ತಪ್ಪೇ? ಅಲ್ಲ. ಅಲ್ಲಿ ಜನರಿಗೆ ಬೇಕಾಗಿರುವುದೇ ಶಾಖ. ಕೊನೆಗೆ ಬೇಕಾದುದು ಶಾಖವೇ ಆಗಿದ್ದರೆ, ಮರಳಿ ಪರಿವರ್ತಿಸುವ ನಷ್ಟದ ಮಾತೇ ಬರುವುದಿಲ್ಲ. ಹೊದಿಕೆಯ ಮೂಲಕ ಸೋರಿಹೋಗುವ ಅಲ್ಪಭಾಗವಷ್ಟೇ ನಷ್ಟ. ಶಾಖವಾಗಿ ಕೂಡಿಟ್ಟುದನ್ನು ಶಾಖವಾಗಿಯೇ ಬಳಸತಕ್ಕದ್ದು. ಇದೇ ನನ್ನ ವಾದದ ಸಾರ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಮರಳಿನ ವಿಶಿಷ್ಟೋಷ್ಣವು ಕಿಲೋಗ್ರಾಮಿಗೆ, ಡಿಗ್ರಿಗೆ, ಸುಮಾರು 0.8 ಕಿಲೋಜೂಲ್. ಒಂದು ಟನ್ ಮರಳನ್ನು 200ರಿಂದ 600 ಡಿಗ್ರಿಗೆ ಏರಿಸಿದರೆ 3,20,000 ಕಿಲೋಜೂಲ್, ಎಂದರೆ ಸುಮಾರು 89 ಯೂನಿಟ್ ಅದರಲ್ಲಿ ಸೇರುತ್ತದೆ. ಫಿನ್ಲೆಂಡಿನ ಕಂಕಾನ್‌ಪಾ ಎಂಬಲ್ಲಿ 2022ರಲ್ಲಿ ಕಟ್ಟಿದ 100 ಟನ್ ಮರಳಿನ ಕಣಜದ ಸಾಮರ್ಥ್ಯ 8,000 ಯೂನಿಟ್. ನಮ್ಮ ಲೆಕ್ಕಕ್ಕೆ ಇದು ಬಹಳ ಹತ್ತಿರ. ಇನ್ನೊಂದು ಅಂಶವೂ ಉಂಟು. ಶಾಖವು ತುಂಬುವುದು ಗಾತ್ರದಲ್ಲಿ, ಸೋರುವುದು ಮೇಲ್ಮೈಯಲ್ಲಿ. ಕಣಜದ ಅಳತೆಗಳನ್ನೆಲ್ಲ ಹತ್ತುಪಟ್ಟು ಮಾಡಿದರೆ ಗಾತ್ರ ಸಾವಿರಪಟ್ಟಾಗುತ್ತದೆ, ಮೇಲ್ಮೈ ನೂರುಪಟ್ಟು ಮಾತ್ರ. ಆದುದರಿಂದ ಕಣಜ ದೊಡ್ಡದಾದಷ್ಟೂ ಸೋರಿಕೆಯ ಪಾಲು ಕುಗ್ಗುತ್ತದೆ.

ನಮ್ಮಲ್ಲಿ ಮನೆಗಳನ್ನು ಬೆಚ್ಚಗಿಡಬೇಕಾದ ಚಳಿಯಿಲ್ಲ, ನಿಜ. ಆದರೆ ನಮ್ಮ ಕಾರ್ಖಾನೆಗಳಿಗೆ ಶಾಖ ಬೇಡವೇ? ಬಟ್ಟೆಗೆ ಬಣ್ಣ ಹಾಕುವುದಕ್ಕೆ, ಕುಸುಬಲಕ್ಕಿಯ ಭತ್ತವನ್ನು ಬೇಯಿಸುವುದಕ್ಕೆ, ಹಾಲನ್ನು ಪುಡಿಮಾಡುವುದಕ್ಕೆ, ಔಷಧಗಳನ್ನು ತಯಾರಿಸುವುದಕ್ಕೆ ಹಬೆ ಬೇಕು. ಇದಕ್ಕಾಗಿ ಇಂದಿಗೂ ಸೌದೆ, ಹೊಟ್ಟು, ಕಲ್ಲಿದ್ದಲು, ಎಣ್ಣೆಗಳನ್ನು ಉರಿಸುತ್ತಿದ್ದೇವೆ. ಅದೇ ರಾಜ್ಯದ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ನಡುಹಗಲಿನಲ್ಲಿ ವಿದ್ಯುತ್ತನ್ನು ಕೊಳ್ಳುವವರಿಲ್ಲದೆ ಉತ್ಪಾದನೆಯನ್ನು ತಗ್ಗಿಸಬೇಕಾದ ಸಂದರ್ಭಗಳು ನಮ್ಮ ದೇಶದಲ್ಲಿ ಬರುತ್ತಿವೆ. ಒಂದು ಕಡೆ ಬಿಸಿಲು ವ್ಯರ್ಥವಾಗುತ್ತಿರುವಾಗ ಇನ್ನೊಂದು ಕಡೆ ಮರ ಉರಿಯುತ್ತಿರುವುದು ವಿವೇಕವಲ್ಲ. ಬಾಯ್ಲರಿನ ಪಕ್ಕದಲ್ಲಿ ಇಂತಹ ಕಣಜವನ್ನು ನಿಲ್ಲಿಸಿದರೆ, ಹಗಲಿನ ಬಿಸಿಲು ರಾತ್ರಿಯ ಪಾಳಿಗೆ ಹಬೆಯಾಗಬಲ್ಲದು.

ಆಕ್ಷೇಪಗಳು ಇಲ್ಲದೆ ಇಲ್ಲ. ಸ್ನಾನದ ನೀರಿನಂತಹ ಅಲ್ಪ ಉಷ್ಣತೆಯ ಕೆಲಸಕ್ಕೆ ಶಾಖಪಂಪು ಇದಕ್ಕಿಂತ ಮಿತವ್ಯಯದ್ದು. ಅದು ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖವನ್ನು ಒದಗಿಸುತ್ತದೆ. ದೀಪಕ್ಕೂ ಮೋಟಾರಿಗೂ ವಿದ್ಯುತ್ಕೋಶಗಳೇ ತಕ್ಕವು. ಕಲ್ಲಿನ ಕಣಜದ ಸ್ಥಾನ ಹಬೆ ಮತ್ತು ಅದಕ್ಕೂ ಮೇಲಿನ ಉಷ್ಣತೆಗಳಲ್ಲಿ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಬೆಲೆಯದು. ಕೇಂದ್ರ ಸರ್ಕಾರವು 2023ರಲ್ಲಿ ತಿದ್ದಿದ ನಿಯಮಗಳು ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ನೂರಕ್ಕೆ 20ರಷ್ಟು ಕಡಮೆಯಿರಬೇಕೆಂದು ವಿಧಿಸಿವೆ. ಇದು ಸರಿಯಾದ ಹೆಜ್ಜೆ; ಆದರೆ ಇಷ್ಟರಿಂದಲೇ ವಿದ್ಯುತ್ತಿನ ಶಾಖವು ಕಲ್ಲಿದ್ದಲಿನ ಶಾಖಕ್ಕೆ ಬೆಲೆಯಲ್ಲಿ ಸರಿಸಮವಾಗದು. ಹೇಗೂ ವ್ಯರ್ಥವಾಗಲಿರುವ ವಿದ್ಯುತ್ತನ್ನು ಕೂಡಿಡಲು ಸಿದ್ಧರಾದವರಿಗೆ ಅತ್ಯಲ್ಪ ದರದಲ್ಲಿ ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಆ ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಶಕ್ತಿಯ ದರ್ಜೆಯನ್ನು ಕೇಳುವ ಮೊದಲು, ಅದು ಮಾಡಬೇಕಾದ ಕೆಲಸ ಯಾವುದೆಂದು ಕೇಳಬೇಕು. ಬೇಲೂರು ಹಳೇಬೀಡುಗಳಲ್ಲಿ ಬಳಪದ ಕಲ್ಲಿನಿಂದ ಶಿಲ್ಪವನ್ನು ಕಡೆದ ನಾಡು ನಮ್ಮದು. ಕಲ್ಲಿನ ಇನ್ನೊಂದು ಗುಣವನ್ನು ದುಡಿಸಿಕೊಳ್ಳುವ ಕೆಲಸ ಇಂದಿನ ವಿದ್ಯಾರ್ಥಿಗಳ ಪಾಲಿಗೆ ಉಳಿದಿದೆ.