ಏಳನೆಯದು ಮುಗಿಯಿತು, ಮುಂದೇನು?

ಮಾರ್ಚ್ ಮುಗಿಯುತ್ತ ಬಂದಂತೆ ನಮ್ಮ ಕೇರಿಗಳ ಮನೆಮನೆಯಲ್ಲೂ ಒಂದು ಸಡಗರ, ಅದರ ಬೆನ್ನಿಗೇ ಒಂದು ದಿಗಿಲು. ಮಗಳು ಏಳನೆಯ ತರಗತಿ ಮುಗಿಸುತ್ತಿದ್ದಾಳೆ. ಶಾಲೆಯಲ್ಲಿ ಬೀಳ್ಕೊಡುಗೆ; ಮೇಷ್ಟರೊಡನೆ ಸಾಲಾಗಿ ನಿಂತು ಫೋಟೋ; ಮಕ್ಕಳೇ ಚಂದಾ ಎತ್ತಿ ತಂದ ಮೈಸೂರುಪಾಕು. ಎರಡು ಸಲ ಅಂಚು ಬಿಚ್ಚಿ ಉದ್ದ ಮಾಡಿದ ಲಂಗವನ್ನು ತಾಯಿ ಒಗೆದು ಮಡಿಸಿಡುತ್ತಾಳೆ. ತಂದೆ ಮೊದಲ ಪಾಳಿ ಮುಗಿಸಿ ಬಂದು ಆ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾನೆ. ಮನೆತನದಲ್ಲಿ ಇಷ್ಟು ಓದಿದವಳು ಇವಳೇ ಮೊದಲು. ಹೆಮ್ಮೆಯಿಂದ ಗಂಟಲು ಕಟ್ಟುತ್ತದೆ. ಆದರೆ ಹೊರಡುವ ಮಾತು ಒಂದೇ: "ಮುಂದೇನು?"

ಬಡವರಿಗೆ ಮಕ್ಕಳ ಓದಿನಲ್ಲಿ ಆಸ್ಥೆಯಿಲ್ಲವೆಂದು ಭಾಷಣ ಬಿಗಿಯುವ ಮಹನೀಯರು ಆ ಹೊತ್ತಿನಲ್ಲಿ ಆ ಮನೆಯ ಹೊಸ್ತಿಲಲ್ಲಿ ನಿಂತು ನೋಡಬೇಕು. ಸಿರಿವಂತರ ಮನೆಯಲ್ಲಿ ಇದೇ ದಿನ ಬರಿಯ ಹಬ್ಬ. ನಮ್ಮಲ್ಲಿ ಅದು ಲೆಕ್ಕಾಚಾರದ ರಾತ್ರಿ. ಪ್ರೌಢಶಾಲೆ ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೆ, ಕತ್ತಲಾದರೆ ಹುಡುಗಿಯನ್ನು ಕರೆತರುವವರು ಯಾರು, ತಮ್ಮನನ್ನು ನೋಡಿಕೊಳ್ಳುವವರು ಯಾರು? ಅಷ್ಟರಲ್ಲಿ ಸೋದರತ್ತೆಯೊಬ್ಬರು ಬಂದು "ಸಾಕು ಬಿಡು ಅಣ್ಣಾ, ಹೆಣ್ಣುಮಗು" ಎಂದುಬಿಡುತ್ತಾರೆ.

ಈ ದಿಗಿಲನ್ನು ತಂದೆತಾಯಿಗಳು ಹುಟ್ಟಿಸಿಕೊಂಡದ್ದಲ್ಲ. ಇದನ್ನು ಹುಟ್ಟಿಸಿದವರು ಆಳುವವರು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಸಂವಿಧಾನ 1950ರಲ್ಲಿ ಹೇಳಿತು. 1960 ಬಂತು, ಹೋಯಿತು. ಅದು ಮೂಲಭೂತ ಹಕ್ಕೆಂದು ಬರೆದದ್ದು 2002ರ ತಿದ್ದುಪಡಿಯಲ್ಲಿ. ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಗಡುವು ಕಳೆದು ಐವತ್ತು ವರ್ಷ! ಸಾಲದ ಕಂತು ಐವತ್ತು ದಿನ ತಡವಾದರೆ ನಮ್ಮ ಬಾಗಿಲಿಗೆ ಯಾರು ಯಾರು ಬರುತ್ತಾರೆಂಬುದು ಅಂಗಡಿಯವರಿಗೂ ಗೊತ್ತು, ಕೂಲಿಯವರಿಗೂ ಗೊತ್ತು.

ಬಂದ ಕಾಯಿದೆಯಾದರೂ ನೆಟ್ಟಗಿದೆಯೇ? ಅದರ ಪ್ರಕಾರ ಪ್ರಾಥಮಿಕ ಶಿಕ್ಷಣವೆಂದರೆ ಎಂಟನೆಯ ತರಗತಿಯವರೆಗೆ. ನಮ್ಮ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳಾದರೋ ಏಳನೆಯದಕ್ಕೇ ಬಾಗಿಲು ಮುಚ್ಚುತ್ತವೆ. ಎಂಟನೆಯದು ಕಾಗದದಲ್ಲಿ ಪ್ರಾಥಮಿಕ, ಕಟ್ಟಡದಲ್ಲಿ ಪ್ರೌಢ! ಮಗು ಜಾರಿಹೋಗುವುದು ಈ ಸಂದಿಯಲ್ಲೇ. ದಾಟಿದರೂ ಹದಿನಾಲ್ಕು ತುಂಬಿದ ದಿನ ಹಕ್ಕು ಮುಗಿಯಿತು. ಅದೇ ದಿನ ಇನ್ನೊಂದು ಬಾಗಿಲು ತೆರೆಯುತ್ತದೆ: 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕರಿಂದ ಹದಿನೆಂಟರವರನ್ನು ಗಣಿ, ಸ್ಫೋಟಕ ಮುಂತಾದ ಅಪಾಯದ ಕೆಲಸಗಳಿಂದ ಮಾತ್ರ ತಡೆಯುತ್ತದೆ. ಹೋಟೆಲಿನ ಲೋಟ ತೊಳೆಯಲು ತಡೆಯಿಲ್ಲ. ಶಾಲೆ ಕೈಬಿಟ್ಟ ಮಗುವನ್ನು ಅಗ್ಗದ ಕೂಲಿ ಕೈಚಾಚಿ ಎತ್ತಿಕೊಳ್ಳುವುದು ಆಕಸ್ಮಿಕವೆಂದು ನಾವು ನಂಬುವುದಿಲ್ಲ.

ನಮ್ಮವರನ್ನೂ ಬಿಡುವಂತಿಲ್ಲ. ಶಾಲೆಯ ಹೊತ್ತು ಕಳೆದ ಮೇಲೆ, ರಜೆಯಲ್ಲಿ, ಮಗು ಮನೆಯ ಕಸುಬಿಗೆ ನೆರವಾಗಬಹುದೆಂದು ಅದೇ ಕಾಯಿದೆ ಒಪ್ಪುತ್ತದೆ. ಬೇಸಿಗೆ ರಜೆಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹುಡುಗ ಜೂನಿನಲ್ಲೂ ಅಲ್ಲೇ ಕೂತಿರುವುದನ್ನು ನಾವು ಕಂಡಿದ್ದೇವೆ. ಒಳ್ಳೆಯ ಲೆಕ್ಕ ಬರುತ್ತದೆ ಎಂದು ತಂದೆ ಬೀಗುತ್ತಾನೆ. ಆ ಲೆಕ್ಕ ಕಲಿಸಿದವರು ಯಾರು ಸ್ವಾಮಿ?

ನಮ್ಮ ಬೇಡಿಕೆ ದೊಡ್ಡದಲ್ಲ. ಏಳನೆಯದಿರುವ ಸರ್ಕಾರಿ ಶಾಲೆಯಲ್ಲೇ ಎಂಟನೆಯದನ್ನೂ ತೆರೆಯಿರಿ. ಹಕ್ಕನ್ನು ಹದಿನೆಂಟು ವರ್ಷದವರೆಗೆ ಏರಿಸಿರಿ. ಹಣವಿಲ್ಲವೆನ್ನಬೇಡಿ. ರಾಷ್ಟ್ರೀಯ ವರಮಾನದ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿ ಹೋಯಿತು.

ಅಲ್ಲಿಯವರೆಗೆ, ತಂದೆತಾಯಿಗಳೇ, ಇಷ್ಟು ತಿಳಿದಿರಿ. ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಎಂಟನೆಯದಕ್ಕೆ ಸೇರಿಸಿಕೊಳ್ಳದಿರುವಂತಿಲ್ಲ. ಪ್ರವೇಶಕ್ಕೆ ಡೊನೇಷನ್ ವಸೂಲು ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡ ಹಾಕಲು ಅವಕಾಶವಿದೆ. ಹಣ ಕೇಳಿದರೆ ರಸೀದಿ ಕೇಳಿ. ಕೊಡದಿದ್ದರೆ ವಾಪಸು ಬನ್ನಿ. ಮರುದಿನ ಪಾಳಿ ಬಿಟ್ಟ ಮೇಲೆ ಕೇರಿಯ ಹತ್ತು ಜನ ಕೂಡಿ ಮತ್ತೆ ಹೋಗಿ.