ಮೈಕಿನ ಪರೀಕ್ಷೆ ಮೊದಲು ಆಗಲಿ

ನಮ್ಮ ಭಾಗದ ಜನಕ್ಕೆ ಹಾಡಿನ ಹುಚ್ಚು ಹೊಸದಲ್ಲ. ಅಣ್ಣಿಗೇರಿಯಿಂದ ಪಡುವಲಕ್ಕೆ ಹೊರಟರೆ ಗಂಗೂಬಾಯಿ ಹಾನಗಲ್ಲರು ಬಾಳಿದ ಹುಬ್ಬಳ್ಳಿ. ಮೂಡಲಕ್ಕೆ ಹೊರಟರೆ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಗದಗು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಪಾಠಕ್ಕೆಂದು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರೆಂಬುದು ನಮ್ಮಲ್ಲಿ ಯಾರಿಗೆ ತಿಳಿಯದು? ಇಂಥ ನಾಡಿನಲ್ಲಿ ಹುಟ್ಟಿದ ನಾವು ಸಂಗೀತವನ್ನು ಕೇಳುವದರಲ್ಲಿ ಹಿಂದೆ ಬಿದ್ದಿಲ್ಲ. ಕೇಳಿದ್ದನ್ನು ಉಳಿಸಿಕೊಳ್ಳುವದರಲ್ಲಿ ಮಾತ್ರ ಬಹಳ ಹಿಂದುಳಿದಿದ್ದೇವೆಂದು ನನ್ನ ಅಭಿಪ್ರಾಯ.

ಉಳಿಸದಿದ್ದರೆ ಆಗುವದೇನೆಂಬುದಕ್ಕೆ ಎರಡು ಹೆಸರುಗಳು ಸಾಕು. ಜೈಪುರ ಘರಾಣೆಯ ಅಲ್ಲಾದಿಯಾ ಖಾನರು 1946ರಲ್ಲಿ ತೀರಿಕೊಂಡರು. ಅವರ ಗಾಯನದ ಮುದ್ರಿಕೆ ಒಂದೂ ನಮಗೆ ಉಳಿದಿಲ್ಲ. ಅವರ ಮಕ್ಕಳ ಬಳಿ ಕಲಿತ ಮಲ್ಲಿಕಾರ್ಜುನ ಮನಸೂರರ ಕಂಠದಿಂದ ನಾವು ಊಹಿಸಿಕೊಳ್ಳಬೇಕು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು 1937ರಲ್ಲಿಯೇ ತೀರಿಕೊಂಡರೂ, ಗ್ರಾಮೋಫೋನ್ ತಟ್ಟೆಗಳ ದೆಸೆಯಿಂದ ಇಂದಿಗೂ ನಮ್ಮ ಕಿವಿಗೆ ಸಿಗುತ್ತಾರೆ. ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಸುಮಾರು. ಖ್ಯಾಲು ಹಾಡುವವರಿಗೆ ಅದು ಶ್ರುತಿ ಹಿಡಿದು ಕೂಡುವಷ್ಟು ಹೊತ್ತು! ಆದರೂ ಆ ಮೂರು ನಿಮಿಷಕ್ಕೆ ಇಂದು ಬೆಲೆ ಕಟ್ಟುವರಾರು?

ದೊಡ್ಡವರ ಮಾತು ಹಾಗಿರಲಿ. ಅವರಿಗೆ ಕಂಪನಿಗಳಿದ್ದವು; ಬಳಿಕ ಬಂದವರಿಗೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಇತ್ತು. ನಮ್ಮ ಓಣಿಗಳ ಭಜನಾ ಮೇಳಗಳಿಗೆ ಯಾರಿದ್ದಾರೆ? ಶಿಶುನಾಳ ಶರೀಫರ ತತ್ವಪದಗಳು ಅಚ್ಚಾಗಿವೆ ನಿಜ. ಆದರೆ ಪುಸ್ತಕದಲ್ಲಿ ಇರುವದು ಬರಿಯ ನುಡಿ. ಧಾಟಿಯು ಹಾಡುವವರ ಗಂಟಲಲ್ಲಿದೆ. ಒಂದೇ ಪದವನ್ನು ನಮ್ಮ ಓಣಿಯವರು ಎಳೆದು ಹಾಡಿದರೆ, ಪಕ್ಕದ ಓಣಿಯವರು ಕುಣಿಸಿ ಹಾಡುತ್ತಾರೆ. ನಮ್ಮ ಮನೆಯಲ್ಲಿ ಪುಸ್ತಕ ಓದಬಲ್ಲವನು ನಾನೊಬ್ಬನೇ. ಪದ ಬಲ್ಲವರು ಉಳಿದವರೆಲ್ಲರೂ.

ನಮ್ಮ ಓಣಿಯ ಮೇಳದಲ್ಲಿ ನಲವತ್ತು ವರ್ಷ ಮುಂದೆ ಕುಳಿತು ಹಾಡಿದ ಹಿರಿಯರೊಬ್ಬರು ಕಳೆದ ವರ್ಷ ತೀರಿಕೊಂಡರು. ಅವರನ್ನು ನಾವೆಲ್ಲ ಅಜ್ಜಾರೆಂದೇ ಕರೆಯುತ್ತಿದ್ದೆವು. ಅವರು ಹಾಡಿದ್ದರಲ್ಲಿ ಈಗ ಉಳಿದಿರುವದು ಯಾರೋ ಮೊಬೈಲಿನಲ್ಲಿ ಹಿಡಿದ ಹನ್ನೊಂದು ನಿಮಿಷ ಮಾತ್ರ. ಧ್ವನಿವರ್ಧಕದ ಮಗ್ಗುಲಲ್ಲಿ ನಿಂತು ಹಿಡಿದದ್ದರಿಂದ ದಮ್ಮಡಿ ಮತ್ತು ತಾಳಗಳ ಸದ್ದೇ ಸದ್ದು. ಅಜ್ಜಾರ ಧ್ವನಿ ಒಡೆದುಹೋಗಿದೆ. ಒಂದು ನುಡಿಯಾದರೂ ಪೂರ್ತಿ ತಿಳಿಯುವದಿಲ್ಲ. ಹಾಗೆ ಒಡೆದದ್ದನ್ನು ಮೊದಲಿನಂತೆ ಮಾಡುವ ಯಂತ್ರವಿಲ್ಲ. ಅವರ ಮಗನು ಅದನ್ನು ಹಚ್ಚುತ್ತಾನೆ, ಅರ್ಧಕ್ಕೇ ನಿಲ್ಲಿಸುತ್ತಾನೆ.

ಮೊಬೈಲು ಸಾಲದೇ ಎಂದು ಗೆಳೆಯರು ಕೇಳುವದುಂಟು. ಮೊಬೈಲು ಮಾತಿಗಾಗಿ ಮಾಡಿದ ವಸ್ತು. ಸದ್ದು ಹೆಚ್ಚಾದರೆ ತಾನೇ ತಗ್ಗಿಸುತ್ತದೆ, ಕಡಿಮೆಯಾದರೆ ತಾನೇ ಏರಿಸುತ್ತದೆ. ಫೋನಿನಲ್ಲಿ ಮಾತಾಡುವವರಿಗೆ ಇದು ಉಪಕಾರ. ಹಾಡಿಗೆ ಇದೇ ಅಪಕಾರ. ಹಾಡುವವರು ಒಂದು ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಮೇಲಿನ ಫ್ಯಾನಿನ ಸದ್ದು ಭೋರೆಂದು ಏಳುತ್ತದೆ.

ಅಜ್ಜಾರು ಹೋದ ಬಳಿಕ ಬಂದ ಶ್ರಾವಣದಲ್ಲಿ ಗೆಳೆಯನೊಬ್ಬನ ಸೋದರಮಾವನಿಂದ ಅಂಗೈ ಅಗಲದ ಧ್ವನಿಮುದ್ರಣ ಯಂತ್ರವೊಂದನ್ನು ಎರವಲು ತಂದು, ನಾವು ಮೂವರು ನಾಲ್ಕು ಸೋಮವಾರ ಪರೀಕ್ಷೆ ನಡೆಯಿಸಿದೆವು. ಯಂತ್ರದ ನೆತ್ತಿಯ ಮೇಲೆ ಎರಡು ಮೈಕುಗಳಿವೆ. ಅವು ಎದುರಿನ ಧ್ವನಿಯನ್ನು ಹೆಚ್ಚಾಗಿ ಹಿಡಿಯುವಂಥವು. ಹೊರಗಿನಿಂದ ಜೋಡಿಸಲು ಅದರ ಜೊತೆಗೆ ಗುಂಡಿಯಷ್ಟು ಚಿಕ್ಕ ಬೇರೆರಡು ಮೈಕುಗಳಿದ್ದವು. ಅವು ಸುತ್ತಲಿನ ಧ್ವನಿಯನ್ನೆಲ್ಲ ಸಮನಾಗಿ ಹಿಡಿಯುವಂಥವು. ಇವನ್ನು ಬಿದಿರ ಕೋಲಿಗೆ ಗೇಣು ಅಂತರದಲ್ಲಿ ಕಟ್ಟಿದೆವು. ಯಂತ್ರವು ನಾಲ್ಕನ್ನೂ ಏಕಕಾಲಕ್ಕೆ ಬೇರೆ ಬೇರೆಯಾಗಿ ಬರೆದುಕೊಳ್ಳುವದರಿಂದ ಹೋಲಿಕೆ ಸುಲಭವಾಯಿತು. ಒಂದು ಮೈಕನ್ನು ಈ ವಾರ, ಇನ್ನೊಂದನ್ನು ಮುಂದಿನ ವಾರ ಪರೀಕ್ಷಿಸಿದರೆ ಹಾಡಿನ ವ್ಯತ್ಯಾಸ ಯಾವದು, ಮೈಕಿನ ವ್ಯತ್ಯಾಸ ಯಾವದೆಂದು ತಿಳಿಯುವ ಬಗೆ ಹೇಗೆ?

ಇನ್ನೊಂದು ಮಾತು ಮುಖ್ಯವಾದದ್ದು. ಮರುದಿನ ಕೇಳಿ ಹೋಲಿಸುವಾಗ ಎರಡರ ಸದ್ದನ್ನೂ ಸಮ ಮಾಡಿಕೊಂಡೇ ಕೇಳಬೇಕು. ನಮ್ಮ ಕಿವಿಯ ಗುಣವೇ ಹೀಗೆ: ತುಸು ಜೋರಾಗಿ ಕೇಳಿದ್ದು ತುಸು ಚೆಲುವಾಗಿಯೂ ಕೇಳುತ್ತದೆ. ಮೊದಲನೆಯ ವಾರ ನಮಗೆಲ್ಲ ಮೆಚ್ಚುಗೆಯಾದ ಮೈಕು, ಸದ್ದು ಸಮ ಮಾಡಿದೊಡನೆ ಎರಡನೆಯದಾಯಿತು.

ಕಂಡುಬಂದದ್ದನ್ನು ಹೇಳುತ್ತೇನೆ. ಬಯಲು ಕಟ್ಟೆಯ ಮೇಲೆ ಕುಳಿತು ಹಾಡಿದ ದಿನ ಕೋಲಿನ ಮೈಕುಗಳಿಗೇ ಗೆಲವು. ಕಣ್ಣು ಮುಚ್ಚಿ ಕೇಳಿದರೆ ಮೇಳದ ನಡುವೆ ಕುಳಿತಂತೆ ಇತ್ತು, ಡಗ್ಗಾದ ತಗ್ಗಿನ ನಾದವೂ ತುಂಬಿ ಬಂದಿತ್ತು. ಅವೇ ಮೈಕುಗಳು ಕಲ್ಲಿನ ಗುಡಿಯೊಳಗೆ ಸೋತುಹೋದವು. ನಮ್ಮ ಅಮೃತೇಶ್ವರ ಗುಡಿಯ 76 ಕಂಬಗಳ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದವರಿಗೆ ಕಾರಣ ಹೇಳಬೇಕಾಗಿಲ್ಲ. ಹಾಡುವವರಿಂದ ನೇರವಾಗಿ ಬರುವ ಧ್ವನಿಯು ದೂರ ಇಮ್ಮಡಿಸಿದಂತೆ ಆರು ಡೆಸಿಬೆಲ್ ಇಳಿಯುತ್ತದೆ. ಕಲ್ಲಿಗೆ ಬಡಿದು ಮರಳುವ ಧ್ವನಿ ಎಲ್ಲಿ ನಿಂತರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಪ್ಪತ್ತು ಅಡಿಯಲ್ಲಿ ನುಡಿ ಕಲಸಿಹೋಯಿತು. ಎದುರಿನದನ್ನು ಹಿಡಿಯುವ ಮೈಕನ್ನು ಎಂಟು ಅಡಿಗೆ ತಂದಾಗ ಪ್ರತಿಯೊಂದು ಅಕ್ಷರ ತಿಳಿಯಿತು. ಯಂತ್ರವನ್ನು ನೆಲಕ್ಕಿಡದೆ ಮಡಚಿದ ಟವೆಲಿನ ಮೇಲೆ ಇಟ್ಟದ್ದರಿಂದ ಕಾಲು ತುಳಿತದ ಸದ್ದೂ ತಪ್ಪಿತು.

ಭಜನೆ ಆರಂಭದಲ್ಲಿ ಮೆಲ್ಲಗೆ, ಮಂಗಳದ ಹೊತ್ತಿಗೆ ಗುಡಿ ಹಾರಿಹೋಗುವಂತೆ. ಆರಂಭ ನೋಡಿ ಮಟ್ಟ ಗೊತ್ತು ಮಾಡಿದರೆ ಮಂಗಳವೆಲ್ಲ ಒಡೆಯುತ್ತದೆ. ತಾಳದವರನ್ನು ಮೊದಲೇ ಕೇಳಿಕೊಂಡು ಅವರು ಕೈಲಾದಷ್ಟು ಜೋರಾಗಿ ತಟ್ಟಿದಾಗಲೂ ಸೂಚಕವು ಮೈನಸ್ 12ರ ಸುಮಾರಿಗೆ ನಿಲ್ಲುವಂತೆ ಇಟ್ಟೆವು. ಸೊನ್ನೆ ಮುಟ್ಟಿದರೆ ಕೆಲಸ ಕೆಟ್ಟಿತು. 32 ಬಿಟ್ ಫ್ಲೋಟಿನ ಹೊಸ ಯಂತ್ರಗಳಿಗೆ ಈ ಚಿಂತೆ ಕಡಿಮೆ ಎನ್ನುತ್ತಾರೆ. ಅಲ್ಲಿಯೂ ಮೈಕೇ ಸದ್ದಿಗೆ ತಾಳದೆ ಒಡೆದರೆ ಯಂತ್ರವೇನು ಮಾಡೀತು? ಜಾಗದ ಚಿಂತೆಯಂತೂ ಬೇಡ. 24 ಬಿಟ್, 48 ಕಿಲೋಹರ್ಟ್ಝ್‌ನಲ್ಲಿ ಎರಡು ಮೈಕಿನ ಒಂದು ಗಂಟೆಗೆ ಸುಮಾರು ಒಂದು ಜಿ.ಬಿ. ಬೇಕು, ಅಹೋರಾತ್ರಿ ಭಜನೆಯೂ ಉಗುರಿನಷ್ಟು ಕಾರ್ಡಿನಲ್ಲಿ ಹಿಡಿಯುತ್ತದೆ.

ನಮ್ಮ ಅಧ್ಯಾಪಕರೊಬ್ಬರು ನಕ್ಕು, "ಹಾಡು ಕೇಳುವದು ಬಿಟ್ಟು ತಂತಿ ತಿರುಚುತ್ತ ಕುಳಿತರೆ ರಸಾನುಭವ ಎಲ್ಲಿಂದ ಬಂದೀತಪ್ಪಾ?" ಎಂದರು. ಅವರ ಮಾತು ಗೌರವಕ್ಕೆ ಪಾತ್ರವಾದದ್ದೇ. ಪರೀಕ್ಷೆ ಮೊದಲೇ ಆಗಬೇಕೆನ್ನುವದು ಇದಕ್ಕಾಗಿಯೇ. ಮೊದಲ ಸೋಮವಾರ ನಾವು ಹಾಡು ಕೇಳಲಿಲ್ಲ, ನಿಜ. ನಾಲ್ಕನೆಯ ಸೋಮವಾರ ಗುಂಡಿ ಒತ್ತಿ ಕೈಕಟ್ಟಿ ಕುಳಿತು ಮಂಗಳದವರೆಗೂ ಕೇಳಿದೆವು. ದುಬಾರಿ ಮೈಕು ತಂದರೆ ಪರೀಕ್ಷೆಯೇ ಬೇಡವೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ. ಎಷ್ಟು ಬೆಲೆಯ ಮೈಕಾದರೂ ಧ್ವನಿವರ್ಧಕದ ಬಾಯಿಗೆ ಇಟ್ಟರೆ ಅಜ್ಜಾರ ಹನ್ನೊಂದು ನಿಮಿಷವೇ ಮತ್ತೆ ಸಿಗುವದು.

ಹಾಡುವವರ ಒಪ್ಪಿಗೆಯ ಮಾತೂ ಇದೆ. ಅಮೇರಿಕೆಯ ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯವೃಂದದವರು 1984ರಲ್ಲಿ, ಕಚೇರಿಯನ್ನು ಮುದ್ರಿಸಿಕೊಳ್ಳುವ ರಸಿಕರಿಗೆಂದೇ ಸಭೆಯಲ್ಲಿ ಬೇರೆ ಸ್ಥಳ ಗೊತ್ತುಮಾಡಿದರು. ಮುದ್ರಿಸಿದ್ದನ್ನು ಹಂಚಿಕೊಳ್ಳಬಹುದು, ಮಾರಬಾರದು. ನಮ್ಮಲ್ಲಿಯೂ ಮೇಳದವರನ್ನು ಮೊದಲು ಕೇಳಬೇಕು. ಬೇಡವೆಂದರೆ ಯಂತ್ರವನ್ನು ಚೀಲದಲ್ಲಿಟ್ಟು ಸುಮ್ಮನೆ ಕುಳಿತು ಕೇಳಬೇಕು.

ಆದಕಾರಣ ನಮ್ಮ ಕಾಲೇಜು ಇಂಥ ಒಂದು ಯಂತ್ರವನ್ನೂ ಎರಡು ಜೊತೆ ಮೈಕುಗಳನ್ನೂ ಕೊಂಡು ಗ್ರಂಥಾಲಯದಲ್ಲಿ ಪುಸ್ತಕದಂತೆಯೇ ಎರವಲು ಕೊಡಬೇಕೆಂದು ಮಾನ್ಯ ಪ್ರಾಚಾರ್ಯರಲ್ಲಿ ವಿನಂತಿ. ಜೊತೆಗೊಂದು ದಪ್ಪ ವಹಿ ಇರಲಿ: ದಿನಾಂಕ, ಸ್ಥಳ, ಹಾಡಿದವರು, ಯಾರಿಂದ ಕಲಿತದ್ದು, ಮೈಕು ಎಷ್ಟು ಅಡಿಯಲ್ಲಿತ್ತು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಒಂದು ಪ್ರತಿ ಮೇಳದವರಿಗೆ ತಪ್ಪದೆ ತಲುಪಬೇಕು. ನಮ್ಮ ಓಣಿಯ ಮೇಳದವರು ಬರುವ ಶ್ರಾವಣದಲ್ಲಿ ತಮಗೆ ಬರುವ ಪದಗಳನ್ನೆಲ್ಲ ಹಾಡಲು ಒಪ್ಪಿದ್ದಾರೆ. ಅವರಲ್ಲಿ ಇಬ್ಬರಿಗೆ ಎಪ್ಪತ್ತು ದಾಟಿದೆ. ಎರವಲು ತಂದ ಯಂತ್ರವನ್ನು ನಾವು ಈಗಾಗಲೇ ಮರಳಿಸಿದ್ದೇವೆ.